ಓದುಗರ ಪ್ರಶ್ನೆ: ಟ್ರಿಬ್ಯೂನಲ್ ಅಂದ್ರೆ ಚಿಕ್ಕ ಕೋರ್ಟಾ?

ಹೋದ ಸಲ ಬೇರೆ ಯಾವುದಕ್ಕೋ ಉತ್ತರ ಬರೀತಾ "ಇದು ಕೋರ್ಟಿಗೆ ಹೋಗೋ ಕೇಸಲ್ಲ, ಟ್ರಿಬ್ಯೂನಲ್‌ಗೆ ಹೋಗೋ ಕೇಸು" ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಎರಡು ಪುಟಕ್ಕೆ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸಾರ್, ಪೇಪರಲ್ಲಿ ಒಂದು ಕಡೆ ನ್ಯಾಯಮಂಡಳಿ, ಇನ್ನೊಂದು ಕಡೆ ನ್ಯಾಯಾಧಿಕರಣ, ಟೀವಿಯಲ್ಲಿ ಟ್ರಿಬ್ಯೂನಲ್ ಅಂತಾರೆ. ಎಲ್ಲಾ ಒಂದೇನಾ? ಕೋರ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ಮೂರೂ ಒಂದೇ, ಅನುವಾದ ಮಾಡಿದವರ ಇಷ್ಟ ಅಷ್ಟೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಸಿವಿಲ್ ಕೋರ್ಟಿನ ನ್ಯಾಯಾಧೀಶರ ಮುಂದೆ ಬೆಳಗ್ಗೆ ಅಣ್ಣತಮ್ಮಂದಿರ ಪಾಲಿನ ಕೇಸು ಬರುತ್ತೆ, ಅದಾದ್ಮೇಲೆ ಬಾಡಿಗೆದಾರನ ಕೇಸು, ಮಧ್ಯಾಹ್ನ ಇನ್ಯಾವುದೋ ಸಾಲದ್ದು, ಹೀಗೆ ಎಲ್ಲ ಥರದ್ದೂ. ಅವರಿಗೆ ಕಾನೂನು ಗೊತ್ತು, ಆದರೆ ಪ್ರತಿ ಕೇಸಿನ ಒಳಗಿನ ವಿಷಯವನ್ನ ಎರಡೂ ಕಡೆ ವಕೀಲರು ಮೊದಲಿಂದ ಬಿಡಿಸಿ ಹೇಳಬೇಕು, ಬೇಕಾದ್ರೆ ಎಕ್ಸ್‌ಪರ್ಟ್‌ನ ಸಾಕ್ಷಿಕಟ್ಟೆ ಹತ್ತಿಸಬೇಕು. ಟ್ರಿಬ್ಯೂನಲ್‌ನಲ್ಲಿ ದಿನಾ ಒಂದೇ ಜಾತಿಯ ಕೇಸು. ಇನ್‌ಕಮ್ ಟ್ಯಾಕ್ಸ್ ಅಂದ್ರೆ ವರ್ಷವಿಡೀ ಅದೇ, ಪರಿಸರ ಅಂದ್ರೆ ಅದೇ, ನೌಕರಿಯ ತಕರಾರು ಅಂದ್ರೆ ಅದೇ. ಮುನ್ನೂರು ಟ್ಯಾಕ್ಸ್ ಕೇಸು ನೋಡಿದವರಿಗೆ ಮುನ್ನೂರ ಒಂದನೇ ಕೇಸಲ್ಲಿ ಡಿಪ್ರಿಸಿಯೇಷನ್ ಅಂದ್ರೇನು ಅಂತ ಯಾರೂ ಪಾಠ ಹೇಳೋ ಅಗತ್ಯ ಇರಲ್ಲ ನೋಡಿ, ಅಲ್ಲೇ ಅರ್ಧ ದಿನ ಉಳಿಯಿತು.

ಇನ್ನೊಂದು ವ್ಯತ್ಯಾಸ ಹುಟ್ಟಿನದ್ದು. ಟ್ರಿಬ್ಯೂನಲ್ ತಾನಾಗಿ ಇರಲ್ಲ, ಯಾವುದೋ ಒಂದು ಕಾಯ್ದೆ ಅದನ್ನ ಹುಟ್ಟಿಸಿರುತ್ತೆ, ಆ ಕಾಯ್ದೆ ಕೊಟ್ಟಷ್ಟೇ ಅಧಿಕಾರ. ಗೆರೆ ದಾಟಿ ಒಂದು ಹೆಜ್ಜೆ ಇಟ್ಟರೂ ಮೇಲಿನ ಕೋರ್ಟು ಆ ಆರ್ಡರನ್ನ ಹೊಡೆದುಹಾಕುತ್ತೆ. ಹಾಗಾಗಿ "ಟ್ರಿಬ್ಯೂನಲ್‌ಗೆ ಹಾಕೋಣ್ವಾ" ಅನ್ನೋ ಮೊದಲು ಕೇಳಬೇಕಾದ್ದು "ಯಾವ ಕಾಯ್ದೆ ಕೆಳಗೆ" ಅಂತ.

ಮೂರನೇದು ನಡಾವಳಿ. ಭಾರತದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ 2010ರದ್ದು, ಅದರ 19ನೇ ಕಲಮಿನಲ್ಲಿ ಬರೆದೇ ಬಿಟ್ಟಿದ್ದಾರೆ, ಈ ಮಂಡಳಿಗೆ ಸಿವಿಲ್ ಪ್ರೊಸೀಜರ್ ಕೋಡ್ ಕಟ್ಟುಪಾಡಲ್ಲ, ಸಾಕ್ಷ್ಯ ಕಾಯ್ದೆಯ ನಿಯಮಗಳೂ ಕಟ್ಟುಪಾಡಲ್ಲ, ಸಹಜ ನ್ಯಾಯದ ತತ್ವ ಪಾಲಿಸಿದ್ರೆ ಸಾಕು ಅಂತ. ಸಹಜ ನ್ಯಾಯ ಅಂದ್ರೆ ಭಾರಿ ಏನೋ ಅಲ್ಲ. ಎದುರಿನವರ ಮಾತನ್ನೂ ಕೇಳು, ನಿನ್ನ ಸ್ವಂತ ಕೇಸಿಗೆ ನೀನೇ ಜಡ್ಜ್ ಆಗಬೇಡ. ಈ ಎರಡನ್ನ ಬಿಟ್ಟ ಟ್ರಿಬ್ಯೂನಲ್ ಆರ್ಡರ್ ನಿಲ್ಲಲ್ಲ.

ಒಂದು ಎಚ್ಚರಿಕೆ, ಹೆಸರು ನೋಡಿ ಮೋಸ ಹೋಗಬೇಡಿ. ಫ್ರಾನ್ಸಲ್ಲಿ ಮಾಮೂಲಿ ಕೋರ್ಟಿನ ಹೆಸರಲ್ಲೇ ಟ್ರಿಬ್ಯೂನಲ್ ಅಂತ ಇರುತ್ತೆ. ಸ್ವಿಟ್ಜರ್‌ಲೆಂಡಿನ ಫೆಡರಲ್ ಟ್ರಿಬ್ಯೂನಲ್ ಅಂದ್ರೆ ಅಲ್ಲಿನ ಸುಪ್ರೀಂ ಕೋರ್ಟು. ಪದದ ಮೂಲ ಲ್ಯಾಟಿನ್ನಿನದ್ದು, ರೋಮ್‌ನಲ್ಲಿ ಅಧಿಕಾರಿ ಕೂತು ತೀರ್ಪು ಕೊಡ್ತಿದ್ದ ಎತ್ತರದ ಕಟ್ಟೆಗೆ ಆ ಹೆಸರು. ಈಗ ನೋಡಿದ್ರೆ ಆ ಎತ್ತರದ ಕಟ್ಟೆಯನ್ನ ಬೇಡ ಅಂದಿರೋದೇ ಟ್ರಿಬ್ಯೂನಲ್‌ಗಳು, ಕೋರ್ಟುಗಳು ಇನ್ನೂ ಅದರ ಮೇಲೇ ಕೂತಿವೆ!

ಪ್ರಶ್ನೆ: ಜಡ್ಜ್ ಅಲ್ಲದವರು ನನ್ನ ಕೇಸಿನ ತೀರ್ಪು ಕೊಡ್ತಾರಂತೆ, ನಿಜಾನಾ? ಇದು ಹೆಂಗೆ ಸರಿ?

ನಿಜ, ಮತ್ತೆ ನನ್ನ ಪ್ರಕಾರ ಇಡೀ ಏರ್ಪಾಡಿನ ಜೀವಾಳವೇ ಅದು. ಭಾರತದ ಇನ್‌ಕಮ್ ಟ್ಯಾಕ್ಸ್ ಅಪೆಲೇಟ್ ಟ್ರಿಬ್ಯೂನಲ್ ಶುರುವಾಗಿದ್ದು 1941ರ ಜನವರಿ 25ಕ್ಕೆ, ಸ್ವಾತಂತ್ರ್ಯಕ್ಕಿಂತ ಮುಂಚೆ. ಅಲ್ಲಿನ ಬೆಂಚಲ್ಲಿ ಸಾಮಾನ್ಯವಾಗಿ ಇಬ್ಬರು, ಒಬ್ಬರು ಕಾನೂನಿನವರು, ಇನ್ನೊಬ್ಬರು ಲೆಕ್ಕದವರು. ವಕೀಲರು ಬ್ಯಾಲೆನ್ಸ್ ಶೀಟಿನ ಯಾವುದೋ ಮೂಲೆ ಮುಚ್ಚಿಟ್ಟು ಮಾತಾಡಿದ್ರೆ ಲೆಕ್ಕದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಹಸಿರು ಮಂಡಳಿಯಲ್ಲೂ ಜುಡಿಷಿಯಲ್ ಮೆಂಬರ್ ಜೊತೆ ಎಕ್ಸ್‌ಪರ್ಟ್ ಮೆಂಬರ್ ಇರ್ತಾರೆ.

ಬ್ರಿಟನ್ನಿನ ಒಂದು ಹಿಯರಿಂಗ್ ಹೇಗಿರುತ್ತೆ ಹೇಳ್ತೀನಿ, ಚಿತ್ರ ಕಣ್ಣಿಗೆ ಕಟ್ಟುತ್ತೆ. ಅಂಗವಿಕಲರಿಗೆ ಕೊಡೋ ಭತ್ಯೆಯನ್ನ ಒಬ್ಬ ಮಹಿಳೆಗೆ ಇಲಾಖೆ ನಿಲ್ಲಿಸಿದೆ, ಆಕೆ ಅಪೀಲು ಹಾಕಿದ್ದಾರೆ ಅಂದುಕೊಳ್ಳಿ. ಕರಿ ಕೋಟಿಲ್ಲ, ಕಟಕಟೆ ಇಲ್ಲ, ಒಂದು ಸಾಧಾರಣ ರೂಮು, ಒಂದು ಮೇಜು, ಆ ಕಡೆ ಮೂರು ಜನ ಈ ಕಡೆ ಆಕೆ, ಎಲ್ಲರ ಕುರ್ಚಿಯೂ ಒಂದೇ ಎತ್ತರ. ಮೂವರಲ್ಲಿ ಒಬ್ಬರು ಜಡ್ಜು, ಒಬ್ಬರು ಡಾಕ್ಟರು, ಮೂರನೆಯವರು ಅಂಗವೈಕಲ್ಯದ ಬಗ್ಗೆ ಸ್ವಂತ ಅನುಭವ ಅಥವಾ ಕೆಲಸದ ಅನುಭವ ಇರೋರು. ಪ್ರಶ್ನೆ ಹೆಂಗಿರುತ್ತೆ ಅಂದ್ರೆ "ನೀವು ಅಡುಗೆ ಮಾಡ್ತೀನಿ ಅಂತ ಫಾರಂನಲ್ಲಿ ಬರೆದಿದೀರಿ, ಬಿಸಿ ಪಾತ್ರೆ ಎತ್ತುವಾಗ ಯಾವ ಕೈ ಬಳಸ್ತೀರಿ? ಎತ್ತಿದ ಮೇಲೆ ಎಷ್ಟು ಹೊತ್ತು ಕೂರಬೇಕಾಗುತ್ತೆ? ವಾರದಲ್ಲಿ ಎಷ್ಟು ದಿನ ಆಗುತ್ತೆ, ಎಷ್ಟು ದಿನ ಆಗಲ್ಲ?" ಇಂಥ ಪ್ರಶ್ನೆ ಮಾಮೂಲಿ ಕೋರ್ಟಲ್ಲಿ ಹುಟ್ಟೋದು ಕಷ್ಟ. ಇಲಾಖೆಯ ಫಾರಂನಲ್ಲಿ "ಅಡುಗೆ ಮಾಡಬಲ್ಲರು" ಅಂತ ಒಂದು ಟಿಕ್ ಬಿದ್ದಿತ್ತಲ್ಲ, ಅದರ ಹಿಂದೆ ಏನಿತ್ತು ಅನ್ನೋದು ಹೊರಗೆ ಬರೋದು ಇಂಥ ಪ್ರಶ್ನೆಯಿಂದಲೇ. ಕೋರ್ಟಲ್ಲಿ ಜಡ್ಜ್ ಬಹುಮಟ್ಟಿಗೆ ಸುಮ್ಮನೆ ಕೂತು ಎರಡೂ ಕಡೆಯವರ ಜಗಳ ಕೇಳ್ತಾರೆ. ಇಲ್ಲಿ ಮಂಡಳಿಯವರೇ ಕೆದಕಿ ಕೆದಕಿ ಕೇಳ್ತಾರೆ, ಮಾತಾಡೋಕೆ ಬರದವರಿಗೆ ಅದೇ ದೊಡ್ಡ ಆಸರೆ.

ಹಾಗಂತ ಎಲ್ಲ ಟ್ರಿಬ್ಯೂನಲ್ಲೂ ಹೀಗೇ ಅಂತ ಅಲ್ಲ. ಕೆಲವು ಕಡೆ ಹೆಸರಿಗೆ ಟ್ರಿಬ್ಯೂನಲ್ಲು, ಒಳಗೆ ಹೋದ್ರೆ ಅದೇ ಕರಿ ಕೋಟು, ಅದೇ "ಮೈ ಲಾರ್ಡ್", ಅದೇ ವಾಯ್ದೆ. ನೋಡಿದ್ದೀನಿ, ಬೇಜಾರಾಗುತ್ತೆ.

ಪ್ರಶ್ನೆ: ವಕೀಲರನ್ನ ಇಡಲೇಬೇಕಾ? ಫೀಸಿಗೆ ಹೆದರಿ ಸುಮ್ಮನಿದ್ದೀನಿ.

ಬಹಳಷ್ಟು ಟ್ರಿಬ್ಯೂನಲ್‌ಗಳಲ್ಲಿ ನೀವೇ ನಿಂತು ಮಾತಾಡಬಹುದು, ಟ್ಯಾಕ್ಸ್ ಥರದ ಕಡೆ ಚಾರ್ಟರ್ಡ್ ಅಕೌಂಟೆಂಟ್ ಕೂಡ ನಿಮ್ಮ ಪರ ನಿಲ್ಲಬಹುದು. ಆದರೆ ಎದುರಿಗೆ ದೊಡ್ಡ ಕಂಪನಿ ಸೀನಿಯರ್ ವಕೀಲರನ್ನ ತಂದು ನಿಲ್ಲಿಸಿದಾಗ ನೀವೊಬ್ಬರೇ ಇದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಕಾನೂನಿನ ಅರ್ಥದ ಮೇಲೆ ಜಗಳ ಇದ್ರೆ ವಕೀಲರು ಬೇಕು. ನಡೆದದ್ದೇನು ಅನ್ನೋದಷ್ಟೇ ಜಗಳ ಆಗಿದ್ರೆ, ನಿಮ್ಮ ಹತ್ರ ಕಾಗದಪತ್ರ ಸರಿಯಾಗಿದ್ರೆ, ನೀವೇ ಸಾಕು.

ಕಾಗದಪತ್ರ ಅಂದ್ರೆ ಹೇಗೆ? ನನ್ನ ಹತ್ರ ಬರೋರು ಪ್ಲಾಸ್ಟಿಕ್ ಕವರ್ ತುಂಬ ತಂದು ಮೇಜಿನ ಮೇಲೆ ಸುರೀತಾರೆ, ಅದರಲ್ಲಿ ಒಂದೇ ಆರ್ಡರಿನ ನಾಲ್ಕು ಜೆರಾಕ್ಸ್ ಇರುತ್ತೆ, ಬೇಕಾದ ಒಂದು ಲೆಟರ್ ಇರಲ್ಲ. ಹಾಗೆ ಮಾಡಬೇಡಿ. ಒಂದು ಹಾಳೆ ತಗೊಳ್ಳಿ, ಎಡಗಡೆ ತಾರೀಕು, ಬಲಗಡೆ ಆ ದಿನ ಏನಾಯ್ತು, ಅದಕ್ಕೆ ಯಾವ ಕಾಗದ ಇದೆ ಅದರ ಪುಟ ನಂಬರ್. ವಿಶೇಷಣ ಬೇಡ, "ಅಮಾನುಷವಾಗಿ", "ದುರುದ್ದೇಶದಿಂದ" ಏನೂ ಬೇಡ. ವಿಷಯ ಗೊತ್ತಿರೋರ ಮುಂದೆ ಭಾಷಣ ಮಾಡಿದ್ರೆ ಅವರು ಗಡಿಯಾರ ನೋಡ್ತಾರೆ, ತಾರೀಕಿನ ಹಾಳೆ ಕೊಟ್ರೆ ಪೆನ್ನು ತೆಗೀತಾರೆ.

ಫೀಸಿನ ವಿಚಾರಕ್ಕೆ ಬಂದ್ರೆ ಇಂಗ್ಲೆಂಡಿನ ಒಂದು ಕತೆ ಹೇಳಲೇಬೇಕು. ಅಲ್ಲಿ ಕೆಲಸಗಾರರು ಮಾಲೀಕರ ಮೇಲೆ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಹೋಗೋಕೆ ಫೀಸೇ ಇರಲಿಲ್ಲ. 2013ರಲ್ಲಿ ಸರ್ಕಾರ ಫೀಸು ಹಾಕ್ತು, ಕೆಲವು ಥರದ ಕೇಸು ವಿಚಾರಣೆ ತನಕ ಹೋದ್ರೆ ಒಟ್ಟು 1200 ಪೌಂಡ್. ಕೇಸುಗಳ ಸಂಖ್ಯೆ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಬಿದ್ದುಹೋಯ್ತು. ಅನ್ಯಾಯ ಅಷ್ಟು ಕಮ್ಮಿಯಾಯ್ತು ಅಂತ ಅರ್ಥಾನಾ? ಒಬ್ಬನಿಗೆ ಬಾಕಿ ಸಂಬಳ ಬರಬೇಕಾದ್ದು ಮುನ್ನೂರು ಪೌಂಡ್ ಇದ್ರೆ, ಅದಕ್ಕಿಂತ ಜಾಸ್ತಿ ಫೀಸು ಕಟ್ಟಿ ಯಾರು ಹೋಗ್ತಾರೆ. ಕಾರ್ಮಿಕ ಸಂಘವೊಂದು ಸುಪ್ರೀಂ ಕೋರ್ಟಿನ ತನಕ ಹೋಯ್ತು, 2017ರ ಜುಲೈ 26ಕ್ಕೆ ಕೋರ್ಟು ಆ ಫೀಸು ಕಾನೂನುಬಾಹಿರ ಅಂತ ಹೊಡೆದುಹಾಕ್ತು, ವಸೂಲಿ ಮಾಡಿದ್ದನ್ನ ಸರ್ಕಾರ ವಾಪಸ್ ಕೊಡಬೇಕಾಯ್ತು. ಟ್ರಿಬ್ಯೂನಲ್‌ನ ಮುಚ್ಚಬೇಕು ಅಂದ್ರೆ ಬಾಗಿಲಿಗೆ ಬೀಗ ಹಾಕಬೇಕಾಗಿಲ್ಲ, ಟಿಕೆಟ್ ಇಟ್ರೆ ಸಾಕು.

ಪ್ರಶ್ನೆ: ರಸ್ತೆ ಅಪಘಾತದಲ್ಲಿ ಸತ್ತವರ ಮನೆಯವರಿಗೆ ಟ್ರಿಬ್ಯೂನಲ್ ಪರಿಹಾರ ಹೇಗೆ ಲೆಕ್ಕ ಹಾಕುತ್ತೆ? ಒಬ್ಬರಿಗೆ ಹತ್ತು ಲಕ್ಷ, ಇನ್ನೊಬ್ಬರಿಗೆ ಐವತ್ತು ಲಕ್ಷ ಅಂತ ಪೇಪರಲ್ಲಿ ಓದ್ತೀವಿ, ಜೀವಕ್ಕೆ ರೇಟ್ ಕಟ್ತಾರಾ?

ಜೀವಕ್ಕಲ್ಲ, ಆ ಜೀವ ಮನೆಗೆ ತರ್ತಿದ್ದ ದುಡಿಮೆಗೆ. ಕೇಳೋಕೆ ಕಠೋರ ಅನ್ಸುತ್ತೆ, ಆದರೆ ಲೆಕ್ಕ ಅಂತ ಒಂದು ಇಲ್ದೇ ಹೋಗಿದ್ರೆ ಒಂದೊಂದು ಊರಲ್ಲಿ ಒಂದೊಂದು ಮನಸ್ಸಿಗೆ ಬಂದಂತೆ ಆಗ್ತಿತ್ತು. ಭಾರತದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಒಂದು ಪಟ್ಟಿ ಗಟ್ಟಿ ಮಾಡ್ತು, 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಇನ್ನಷ್ಟು ಸೇರಿಸ್ತು. ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗಳು ಇದನ್ನ ಹಿಡಿದು ಲೆಕ್ಕ ಹಾಕ್ತವೆ.

ಸತ್ತವರಿಗೆ 32 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000 ರೂಪಾಯಿ, ಮನೆಯಲ್ಲಿ ಹೆಂಡತಿ, ಒಂದು ಮಗು, ತಾಯಿ ಅಂತ ಇಟ್ಕೊಳ್ಳಿ. ವರ್ಷಕ್ಕೆ 2,40,000. ಬದುಕಿದ್ದಿದ್ರೆ ಮುಂದೆ ದುಡಿಮೆ ಏರ್ತಿತ್ತು ಅಲ್ವಾ, ಅದಕ್ಕೆ ನಲವತ್ತು ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಶೇಕಡ 40 ಸೇರಿಸ್ತಾರೆ, 3,36,000 ಆಯ್ತು. ಅದರಲ್ಲಿ ತನ್ನ ಸ್ವಂತ ಖರ್ಚಿಗೆ ಒಂದಿಷ್ಟು ಬಳಸ್ತಿದ್ರು, ಅವಲಂಬಿತರು ಮೂರು ಜನ ಇದ್ರೆ ಮೂರರಲ್ಲೊಂದು ಪಾಲು ಕಳೀತಾರೆ, ಉಳಿದದ್ದು 2,24,000. ಇದನ್ನ ವಯಸ್ಸಿನ ಗುಣಕದಿಂದ ಗುಣಿಸ್ತಾರೆ, 31ರಿಂದ 35 ವಯಸ್ಸಿಗೆ ಅದು 16. ಅಲ್ಲಿಗೆ 35,84,000. ಅಂತ್ಯಕ್ರಿಯೆ ಖರ್ಚು, ಗಂಡನನ್ನ ಕಳಕೊಂಡದ್ದಕ್ಕೆ ಅಂತ ನಿಗದಿ ಮಾಡಿರೋ ಮೊತ್ತ, ಬಡ್ಡಿ, ಇವೆಲ್ಲ ಮೇಲಿಂದ.

ಇದರಲ್ಲಿ ಜಗಳ ಎಲ್ಲಿ ಆಗುತ್ತೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ಆ 20,000 ಅನ್ನೋ ಒಂದು ಅಂಕಿ! ಇನ್ಶೂರೆನ್ಸ್ ಕಡೆಯವರು ಎಂಟು ಸಾವಿರ ಅಂತಾರೆ, ಮನೆಯವರು ಮೂವತ್ತು ಅಂತಾರೆ. ಮೊದಲ ಸಾಲಲ್ಲಿ ಸಾವಿರ ರೂಪಾಯಿ ಹೆಚ್ಚುಕಮ್ಮಿ ಆದ್ರೆ ಕೊನೆ ಸಾಲಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಹತ್ತಿರ ವ್ಯತ್ಯಾಸ. ಬ್ಯಾಂಕ್ ಪಾಸ್‌ಬುಕ್, ಸಂಬಳ ಕೊಟ್ಟವರ ಮಾತು, ಲೈಸೆನ್ಸು, ಏನಿದೆಯೋ ಅದನ್ನ ಮೊದಲ ದಿನವೇ ಹುಡುಕಿ. ಮತ್ತೆ ಅಪಘಾತ ಆದ ಊರಿಗೇ ಅಲೆಯಬೇಕಾಗಿಲ್ಲ, ನೀವು ವಾಸ ಇರೋ ಊರಿನ ಟ್ರಿಬ್ಯೂನಲ್‌ನಲ್ಲೂ ಅರ್ಜಿ ಹಾಕಬಹುದು.

ಪ್ರಶ್ನೆ: ಚಾಟ್‌ಬಾಟ್ ಮೇಲೆ ಕೇಸು ಹಾಕಿ ಗೆದ್ದರು ಅಂತ ಮಗ ಹೇಳ್ದ. ತಮಾಷೆ ಮಾಡ್ತಿದ್ದಾನಾ?

ಇಲ್ಲಮ್ಮ, ಮಗ ಹೇಳಿದ್ದು ನಿಜ, ಆದರೆ ಕೇಸು ಬಾಟ್ ಮೇಲಲ್ಲ, ಕಂಪನಿ ಮೇಲೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಅಂತ ಒಂದಿದೆ, 2016ರಿಂದ ಕೇಸು ತಗೊಳ್ತಿದೆ, ಕಟ್ಟಡಕ್ಕೆ ಹೋಗೋ ಕೆಲಸವೇ ಇಲ್ಲ, ಎಲ್ಲಾ ಆನ್‌ಲೈನು. ಮೊದಲು ನಿಮ್ಮ ಸಮಸ್ಯೆ ಏನು ಅಂತ ಅದೇ ಪ್ರಶ್ನೆ ಕೇಳ್ತಾ ಹೋಗುತ್ತೆ, ಆಮೇಲೆ ಎದುರಿನವರ ಜೊತೆ ಮಾತಾಡಿಕೊಳ್ಳೋಕೆ ಒಂದು ಅವಕಾಶ, ಅಲ್ಲಿ ಆಗ್ಲಿಲ್ಲ ಅಂದ್ರೆ ಟ್ರಿಬ್ಯೂನಲ್‌ನವರೊಬ್ಬರು ನಡುವೆ ಕೂತು ರಾಜಿಗೆ ನೋಡ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಮೆಂಬರ್ ಬರವಣಿಗೆ ಓದಿ ತೀರ್ಪು. ಸಣ್ಣ ಮೊತ್ತದ ಕೇಸಿಗೆ ಮಿತಿ 5000 ಕೆನಡಾ ಡಾಲರ್.

2022ರಲ್ಲಿ ಒಬ್ಬರಿಗೆ ಅಜ್ಜಿ ತೀರಿಹೋದ್ರು, ಅಂತ್ಯಕ್ರಿಯೆಗೆ ವಿಮಾನದಲ್ಲಿ ಹೋಗಬೇಕು. ಏರ್ ಕೆನಡಾ ವೆಬ್‌ಸೈಟಿನ ಚಾಟ್‌ಬಾಟ್ ಕೇಳಿದ್ರೆ ಅದು, ಈಗ ಪೂರ್ತಿ ದರ ಕೊಟ್ಟು ಹೋಗಿ, ಟಿಕೆಟ್ ತಗೊಂಡ 90 ದಿನದೊಳಗೆ ಅರ್ಜಿ ಹಾಕಿದ್ರೆ ಸಾವಿನ ಸಂದರ್ಭದ ರಿಯಾಯಿತಿ ಸಿಗುತ್ತೆ ಅನ್ನೋ ಅರ್ಥದಲ್ಲಿ ಹೇಳ್ತು. ಹಾಗೇ ಮಾಡಿದ್ರು. ಆಮೇಲೆ ಕಂಪನಿ "ಪ್ರಯಾಣ ಆದ್ಮೇಲೆ ರಿಯಾಯಿತಿ ಇಲ್ಲ, ನಮ್ಮ ವೆಬ್‌ಸೈಟಿನ ಬೇರೆ ಪುಟದಲ್ಲಿ ಬರೆದಿದೆಯಲ್ಲ" ಅಂತು. ಟ್ರಿಬ್ಯೂನಲ್ ಮುಂದೆ ಬಂದಾಗ ಕಂಪನಿಯ ವಾದ ಎಲ್ಲಿಗೆ ಹೋಗಿ ನಿಂತಿತು ಅಂದ್ರೆ, ಬಾಟ್ ಹೇಳಿದ್ದಕ್ಕೆ ಬಾಟೇ ಹೊಣೆ, ನಾವಲ್ಲ! ಮೆಂಬರ್ ಒಪ್ಪಲಿಲ್ಲ, ವೆಬ್‌ಸೈಟ್ ನಿಮ್ಮದು, ಅದರಲ್ಲಿರೋ ಎಲ್ಲದಕ್ಕೂ ನೀವೇ ಹೊಣೆ, ಒಂದು ಪುಟ ನಂಬಿ ಇನ್ನೊಂದು ಪುಟ ನಂಬಬೇಡ ಅಂತ ಗ್ರಾಹಕನಿಗೆ ಹೇಗೆ ಗೊತ್ತಾಗಬೇಕು ಅಂದ್ರು. 2024ರ ಫೆಬ್ರವರಿಯಲ್ಲಿ ತೀರ್ಪು, ಬಡ್ಡಿ, ಫೀಸು ಎಲ್ಲ ಸೇರಿ 812 ಡಾಲರ್ ಚಿಲ್ಲರೆ. ಇಷ್ಟು ದುಡ್ಡಿಗೆ ಯಾರು ವಕೀಲರನ್ನ ಹಿಡಿದು ದೊಡ್ಡ ಕೋರ್ಟಿಗೆ ಹೋಗ್ತಿದ್ರು ಹೇಳಿ. ಆ ಪ್ರಯಾಣಿಕರನ್ನ ಉಳಿಸಿದ್ದು ಏನು ಗೊತ್ತಾ? ಚಾಟಿನ ಸ್ಕ್ರೀನ್‌ಶಾಟ್. ಮಗನಿಗೆ ಹೇಳಿ, ತೆಗೆದಿಡೋ ಅಭ್ಯಾಸ ಮಾಡ್ಕೊಳ್ಳಲಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಕೇಸು ಹೋಗಿದ್ದೂ ಟ್ರಿಬ್ಯೂನಲ್‌ಗೇನಾ? ಆರ್ಬಿಟ್ರೇಷನ್ ಬೇರೇನಾ?

ಬೇರೆ. ಟ್ರಿಬ್ಯೂನಲ್ ಕಾಯ್ದೆಯಿಂದ ಹುಟ್ಟಿದ್ದು, ನೀವು ಒಪ್ಪಿದ್ರೂ ಒಪ್ಪದಿದ್ರೂ ಅದರ ಅಧಿಕಾರ ಇರುತ್ತೆ. ಆರ್ಬಿಟ್ರೇಷನ್ ಅಂದ್ರೆ ಮಧ್ಯಸ್ಥಿಕೆ, ಒಪ್ಪಂದದಿಂದ ಹುಟ್ಟಿದ್ದು, "ಜಗಳ ಬಂದ್ರೆ ಇವರ ಮುಂದೆ ಹೋಗೋಣ" ಅಂತ ಇಬ್ಬರೂ ಮೊದಲೇ ಸಹಿ ಹಾಕಿರ್ತೀರಿ. ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅಂತ ಕರೆಯೋ ಸಂಸ್ಥೆ 1984ರಿಂದ ಇದೆ, ಕೇಂದ್ರ ಸ್ವಿಟ್ಜರ್‌ಲೆಂಡಿನ ಲೊಸಾನ್. ಒಲಿಂಪಿಕ್ಸ್‌ಗೆ ಹೋಗೋ ಪ್ರತಿ ಆಟಗಾರರೂ ಎಂಟ್ರಿ ಫಾರಂನಲ್ಲೇ ಇದಕ್ಕೆ ಒಪ್ಪಿರ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಆಟ ನಡೆಯೋ ಊರಲ್ಲೇ ತಾತ್ಕಾಲಿಕ ವಿಭಾಗ ತೆರೀತಾರೆ, ಸಾಧ್ಯವಾದ್ರೆ 24 ಗಂಟೆಯಲ್ಲಿ ತೀರ್ಮಾನ, ಯಾಕಂದ್ರೆ ಫೈನಲ್ ಮುಗಿದ ಮೇಲೆ ತೀರ್ಪು ಬಂದು ಏನು ಪ್ರಯೋಜನ. ಕುಸ್ತಿಪಟು ವಿನೇಶ್ ವಿಷಯದಲ್ಲಿ 2024ರ ಆಗಸ್ಟ್ 7ರ ಬೆಳಗ್ಗೆ ತೂಕ 100 ಗ್ರಾಂ ಜಾಸ್ತಿ ಬಂದು ಅನರ್ಹರಾದ್ರು, ಆಗಸ್ಟ್ 14ಕ್ಕೆ ಅರ್ಜಿ ವಜಾ. ಮನಸ್ಸಿಗೆ ನೋವಾಯ್ತು, ಆದರೆ ಮಧ್ಯಸ್ಥರ ಕೈಲಿ ಇದ್ದದ್ದು ಕುಸ್ತಿ ಒಕ್ಕೂಟದ ನಿಯಮ, ಅದರಲ್ಲಿ ನೂರು ಗ್ರಾಂಗೆ ಮಾಫಿ ಇರಲಿಲ್ಲ.

ಲೋಕ ಅದಾಲತ್ ಬಗ್ಗೆಯೂ ಇಬ್ಬರು ಕೇಳಿದ್ದೀರಿ. ಅದು ಮೂರನೇ ಜಾತಿ, ಅಲ್ಲಿ ನಡೆಯೋದು ರಾಜಿ. ಸಹಿ ಹಾಕಿದ ಮೇಲೆ ಅಪೀಲಿಲ್ಲ, ಅದೊಂದು ನೆನಪಿರಲಿ.

ಪ್ರಶ್ನೆ: ಸರ್ಕಾರದ ವಿರುದ್ಧವೇ ಕೇಸು, ಸರ್ಕಾರವೇ ಮೆಂಬರ್‌ಗಳನ್ನ ನೇಮಿಸುತ್ತೆ, ಸಂಬಳ ಕೊಡುತ್ತೆ. ನಮಗೆ ನ್ಯಾಯ ಸಿಗುತ್ತಾ?

ಈ ತಿಂಗಳು ಬಂದ ಪ್ರಶ್ನೆಗಳಲ್ಲೆಲ್ಲ ಇದೇ ತೂಕದ್ದು. ಮೇಲೆ ನಾನು ವಿಷಯ ಬಲ್ಲವರು ಕೂತಿರ್ತಾರೆ ಅಂತ ಹೊಗಳಿದೆನಲ್ಲ, ಆ ಬಲ್ಲವರು ಯಾರ ಮುಲಾಜಿನಲ್ಲಿದ್ದಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಾಲ್ಕು ವರ್ಷದ ಹುದ್ದೆ, ಮುಗಿದ ಮೇಲೆ ಮತ್ತೆ ಮುಂದುವರಿಸೋದು ಬಿಡೋದು ಎದುರುದಾರರ ಕೈಲೇ ಇದ್ರೆ, ಎಂಥಾ ಪ್ರಾಮಾಣಿಕರಿಗೂ ಒಂದು ಅಳುಕು ಇರುತ್ತೆ, ಮನುಷ್ಯರಲ್ವಾ.

ಬ್ರಿಟನ್ನಿನಲ್ಲಿ ಈ ಚರ್ಚೆ 1957ರಲ್ಲೇ ಆಯ್ತು, ಫ್ರಾಂಕ್ಸ್ ಸಮಿತಿ ಅಂತ. ಟ್ರಿಬ್ಯೂನಲ್‌ಗಳನ್ನ ಇಲಾಖೆಯ ಬಾಲ ಅಂತ ನೋಡಬಾರದು, ನ್ಯಾಯ ತೀರ್ಮಾನದ ಯಂತ್ರ ಅಂತ ನೋಡಬೇಕು, ಮುಕ್ತವಾಗಿರಬೇಕು, ನ್ಯಾಯವಾಗಿರಬೇಕು, ನಿಷ್ಪಕ್ಷಪಾತವಾಗಿರಬೇಕು ಅಂತ ಅದು ಹೇಳ್ತು. ಆದರೂ ಪ್ರತಿ ಇಲಾಖೆಯೂ ತನ್ನದೊಂದು ಟ್ರಿಬ್ಯೂನಲ್ ಇಟ್ಕೊಂಡೇ ಬಂತು. ಕೊನೆಗೆ 2007ರ ಕಾಯ್ದೆಯಲ್ಲಿ ಬಹಳಷ್ಟನ್ನ ಒಟ್ಟು ಸೇರಿಸಿ ಎರಡು ಮೆಟ್ಟಿಲು ಮಾಡಿದ್ರು, ಕೆಳಗೆ ಒಂದು, ಅದರ ಮೇಲೆ ಅಪೀಲಿಗೆ ಒಂದು.

ಭಾರತದ ಕತೆ ಇನ್ನೂ ಜಟಾಪಟಿ. 1976ರ ನಲವತ್ತೆರಡನೇ ತಿದ್ದುಪಡಿ, ಎಮರ್ಜೆನ್ಸಿ ಕಾಲ, ಸಂವಿಧಾನಕ್ಕೆ 323ಎ ಮತ್ತು 323ಬಿ ಸೇರಿತು, ಸರ್ಕಾರಿ ನೌಕರಿ ತಕರಾರಿಗೆಲ್ಲ ಟ್ರಿಬ್ಯೂನಲ್, ಹೈಕೋರ್ಟಿನ ಅಧಿಕಾರ ತೆಗೆಯಬಹುದು ಅಂತ. ಅದರ ಮೇಲೆ 1985ರಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ ಬಂತು. 1997ರಲ್ಲಿ ಎಲ್. ಚಂದ್ರ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು, ಹೈಕೋರ್ಟಿನ ಪರಾಮರ್ಶೆ ಅಧಿಕಾರ ಸಂವಿಧಾನದ ಮೂಲರಚನೆ, ಅದನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ, ಟ್ರಿಬ್ಯೂನಲ್ ಆರ್ಡರ್ ಮೇಲೆ ಹೈಕೋರ್ಟಿನ ಡಿವಿಷನ್ ಬೆಂಚಿಗೆ ಹೋಗಬಹುದು ಅಂದ್ರು. ಆಮೇಲೆ ಮೆಂಬರ್‌ಗಳ ಅವಧಿ ಮೇಲೆ ಹಗ್ಗಜಗ್ಗಾಟ. 2021ರ ಜುಲೈನಲ್ಲಿ ನಾಲ್ಕು ವರ್ಷದ ಅವಧಿ, ಐವತ್ತು ವರ್ಷದ ಕನಿಷ್ಠ ವಯಸ್ಸು ಎರಡನ್ನೂ ಕೋರ್ಟು ಹೊಡೆದುಹಾಕ್ತು, ಆಗಸ್ಟ್‌ನಲ್ಲಿ ಸಂಸತ್ತು ಅದನ್ನೇ ಹೊಸ ಕಾಯ್ದೆ ಮಾಡಿ ವಾಪಸ್ ತಂತು, 2025ರ ನವೆಂಬರ್‌ನಲ್ಲಿ ಕೋರ್ಟು ಮತ್ತೆ ಹೊಡೆದುಹಾಕ್ತು. ನಿಮ್ಮ ಅನುಮಾನ ಬರೀ ನಿಮ್ಮದಲ್ಲ ಅಂತ ಇದರಿಂದಲೇ ಗೊತ್ತಾಗುತ್ತಲ್ಲ. ನನ್ನ ಉತ್ತರ ಇಷ್ಟೇ, ಹೋಗಿ, ಆದರೆ ಮೇಲಿನ ಬಾಗಿಲು ಯಾವುದು ಅಂತ ಮೊದಲೇ ತಿಳ್ಕೊಂಡು ಹೋಗಿ.

ಪ್ರಶ್ನೆ: ಬೇಗ ಮುಗಿಯುತ್ತೆ ಅಂತೀರಿ, ಕಾವೇರಿ ನ್ಯಾಯಮಂಡಳಿ ಎಷ್ಟು ವರ್ಷ ತಗೊಂಡ್ತು ಸ್ವಾಮಿ?

ಸಿಕ್ಕಾಕ್ಕೊಂಡೆ! 1990ರ ಜೂನ್ 2ಕ್ಕೆ ರಚನೆ, 2007ರ ಫೆಬ್ರವರಿ 5ಕ್ಕೆ ಅಂತಿಮ ಐತೀರ್ಪು, ಹದಿನಾರು ವರ್ಷ ಎಂಟು ತಿಂಗಳು. ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7. ಅದಾದ್ಮೇಲೂ ಮುಗೀಲಿಲ್ಲ, 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದೇ ಕೃಷ್ಣೆಯ ಮೊದಲ ನ್ಯಾಯಮಂಡಳಿ 1969ರಲ್ಲಿ ರಚನೆಯಾಗಿ 1973ರ ಕೊನೆಗೆ ತೀರ್ಪು ಕೊಟ್ಟಿತ್ತು. ಎರಡೂ ನದಿಯೇ, ಎರಡೂ ಒಂದೇ 1956ರ ಕಾಯ್ದೆ ಕೆಳಗೆ. ಕಾವೇರಿಯಲ್ಲಿ ಮಧ್ಯಂತರ ಆದೇಶದ ಮೇಲೇ ವರ್ಷಗಟ್ಟಲೆ ಜಗಳ, ನಡುವೆ ಅಧ್ಯಕ್ಷರು ಬದಲಾದ್ರು, ಅಂಕಿಅಂಶದ ರಾಶಿ, ಮತ್ತೆ ಮಳೆ ಕೈಕೊಟ್ಟ ಪ್ರತಿ ವರ್ಷವೂ ರಾಜಕೀಯ. ಬೇಗ ಮುಗಿಯೋದು ಮೊತ್ತ ಸಣ್ಣದಿದ್ದು ನಿಯಮ ಸ್ಪಷ್ಟ ಇದ್ದಾಗ. ಇಡೀ ರಾಜ್ಯಗಳೇ ಪಕ್ಷಗಾರರಾದಾಗ ಟ್ರಿಬ್ಯೂನಲ್ ಅಂತ ಹೆಸರಿಟ್ಟ ಮಾತ್ರಕ್ಕೆ ಏನೂ ಬೇಗ ಆಗಲ್ಲ.

ಪ್ರಶ್ನೆ: ಗೆದ್ದಿದ್ದೀನಿ, ದುಡ್ಡು ಬಂದಿಲ್ಲ.

"ಗೆದ್ದವ ಸೋತ, ಸೋತವ ಸತ್ತ" ಅಂತ ಕೋರ್ಟಿನ ಬಗ್ಗೆ ಹೇಳೋ ಮಾತು ಇಲ್ಲೂ ಪೂರ್ತಿ ಸುಳ್ಳಾಗಿಲ್ಲ. ಕೆಲವು ಟ್ರಿಬ್ಯೂನಲ್‌ಗಳ ಆರ್ಡರನ್ನ ಸಿವಿಲ್ ಕೋರ್ಟಿನ ಡಿಕ್ರಿ ಥರಾನೇ ಜಾರಿ ಮಾಡಿಸಬಹುದು, ಹಸಿರು ಮಂಡಳಿಯದ್ದು ಹಾಗೆ. ಇಂಗ್ಲೆಂಡಿನ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಆ ಶಕ್ತಿ ಇಲ್ಲ, ಗೆದ್ದವರು ವಸೂಲಿಗೆ ಮತ್ತೆ ಮಾಮೂಲಿ ಕೋರ್ಟಿನ ದಾರಿ ಹಿಡೀಬೇಕು. ನಿಮ್ಮದು ಯಾವ ಮಂಡಳಿ ಅಂತ ಬರೆದಿಲ್ಲ, ಆರ್ಡರಿನ ಮೊದಲ ಪುಟ ಕಳಿಸಿ, ಮುಂದಿನ ಸಂಚಿಕೆಗೆ ನೋಡ್ತೀನಿ.

ಪ್ರಶ್ನೆ: ಟ್ರಿಬ್ಯೂನಲ್ ಆರ್ಡರ್ ಕೈಗೆ ಬಂದು 22 ದಿನ ಆಯ್ತು ಸಾರ್, ನನ್ನ ವಿರುದ್ಧ ಆಗಿದೆ. ಅಪೀಲು ಹಾಕೋದಾ ಬೇಡವಾ? ನಿಮ್ಮ ಅಂಕಣದಲ್ಲಿ ಉತ್ತರ ನೋಡಿ ತೀರ್ಮಾನ ಮಾಡ್ತೀನಿ.

ಅಯ್ಯೋ, ಹಾಗೆ ಮಾಡಬೇಡಿ! ಈ ಪುಟ ಅಚ್ಚಾಗಿ ನಿಮ್ಮ ಕೈಗೆ ಬರೋ ಹೊತ್ತಿಗೆ ತಿಂಗಳ ಮೇಲಾಗಿರುತ್ತೆ. ಅಪೀಲಿನ ಕಾಲಮಿತಿ ಕೆಲವು ಕಡೆ 30 ದಿನ, ಕೆಲವು ಕಡೆ 90, ಕಾಯ್ದೆ ಕಾಯ್ದೆಗೂ ಬೇರೆ, ಮತ್ತೆ ತಡವಾದದ್ದಕ್ಕೆ ಮಾಫಿ ಕೊಡೋದಕ್ಕೂ ಕೆಲವು ಕಡೆ ಮಿತಿ ಇದೆ, ಅದು ದಾಟಿದ್ರೆ ಎಂಥಾ ಒಳ್ಳೇ ಕೇಸೂ ಬಿದ್ದುಹೋಗುತ್ತೆ. ಅದಕ್ಕೆ ನಿಮ್ಮ ಪತ್ರದ ಮೇಲಿದ್ದ ನಂಬರಿಗೆ ನಿನ್ನೆ ಸಂಜೆ ಪತ್ರಿಕೆಯವರ ಕೈಲೇ ಫೋನ್ ಮಾಡಿಸಿದೆ, ಎತ್ತಲಿಲ್ಲ. ಇವತ್ತು ಮತ್ತೆ ಮಾಡಿಸ್ತೀನಿ.